ಪಿತೃಗಳ ಎಲೆ, ನನ್ನ ಹೊಟ್ಟೆ

ಊಟ ಮುಗಿದಿತ್ತು. ಏಳಬೇಕಿತ್ತು. ಏಳಲಾಗಲಿಲ್ಲ.

ಗಲಗಲಿಯ ಕುಲಕರ್ಣಿಯವರ ಪಡಸಾಲೆ. ಆ ಮನೆಯ ಯಜಮಾನರು ತೀರಿಕೊಂಡ ತಿಥಿ ಅಂದು. ಪಿತೃಸ್ಥಾನದಲ್ಲಿ, ಎಂದರೆ ತೀರಿಕೊಂಡವರ ಜಾಗದಲ್ಲಿ ಕೂತು ಉಂಡವನು ನಾನು. ಪಕ್ಕದ ಮಣೆಯಲ್ಲಿ ದೇವರ ಸ್ಥಾನಕ್ಕೆ ಕೂತಿದ್ದ ಭೀಮಭಟ್ಟ ಆಗಲೇ ಎದ್ದು ಕೈ ತೊಳೆಯಲು ಹೋಗಿದ್ದ. ನಾನು ಎಡಗೈಯನ್ನು ನೆಲಕ್ಕೆ ಊರಿದೆ. ಮಡಚಿದ ಕಾಲು ಮಡಚಿದ ಹಾಗೇ ಇತ್ತು. ಇನ್ನೊಮ್ಮೆ ಊರಿದೆ. ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯಿತು, ಕಣ್ಣಿಗೆ ಕತ್ತಲೆ ಬಂತು, ಪಾದ ಎಲ್ಲಿದೆ ಎಂಬುದೇ ತಿಳಿಯಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಮುನಾಬಾಯಿ, ತೀರಿಕೊಂಡವರ ಹೆಂಡತಿ, ಇದನ್ನು ಬೇರೆಯೇ ಅರ್ಥದಲ್ಲಿ ನೋಡಿದರು.

“ರಾಮಾ, ನಿಮ್ಮಪ್ಪಗ ಇನ್ನೂ ಏನೋ ಬೇಕಾಗೇದ. ಏಳವಲ್ಲರು ನೋಡು. ವಡಿ ಕಡಿಮಿ ಹಾಕಿದಿ ನೀನು, ನಾ ನೋಡೇನಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಗ ರಾಮರಾಯ ನನ್ನ ಮುಂದೆ ಕೈಮುಗಿದು ನಿಂತ. “ಏನು ಕಡಿಮಿ ಆತ್ರಿ? ಹೇಳ್ರಿ.”

“ಏನೂ ಕಡಿಮಿ ಆಗಿಲ್ಲೋ ಮಾರಾಯಾ, ಹೆಚ್ಚಾಗೇದ. ಎಬ್ಬಸ್ರಿ ನನ್ನ.”

ಇಬ್ಬರು ಗಂಡಸರು ಬಗಲಿಗೆ ಕೈ ಕೊಟ್ಟು ಎತ್ತಿದರು. ಅವರ ಉಸಿರೂ ಸಿಕ್ಕಿಕೊಂಡಿತು. ಯಮುನಾಬಾಯಿ ನನ್ನ ಕಡೆ ನೋಡುತ್ತಿದ್ದರು, ಆದರೆ ಆ ನೋಟ ನನ್ನನ್ನು ದಾಟಿ ಎಲ್ಲೋ ಹೋಗುತ್ತಿತ್ತು.

ನಾನು ನಾರಾಯಣಭಟ್ಟ. ಜಮಖಂಡಿಯವರ ಬಾಯಲ್ಲಿ ನಾಣಭಟ್ಟ. ಅಲ್ಪಸ್ವಲ್ಪ ಪೌರೋಹಿತ್ಯ ಬರುತ್ತದೆ, ಆದರೆ ನನ್ನ ಹೆಸರಿದ್ದದ್ದು ಮಂತ್ರಕ್ಕಲ್ಲ, ಊಟಕ್ಕೆ. ಶ್ರಾದ್ಧದಲ್ಲಿ ಬ್ರಾಹ್ಮಣ ಉಂಡದ್ದು ಪಿತೃಗಳಿಗೆ ಮುಟ್ಟುತ್ತದೆ ಎಂದು ನಂಬಿಕೆ. ಹಾಗಾಗಿ ಹೆಚ್ಚು ಉಣ್ಣುವವನಿಗೆ ಬೆಲೆ ಹೆಚ್ಚು. ಮುಧೋಳದಿಂದ ಬೀಳಗಿಯವರೆಗೆ, ಇತ್ತ ರಬಕವಿ ಬನಹಟ್ಟಿಯವರೆಗೆ, ಅಪ್ಪನ ತಿಥಿ ಬಂತೆಂದರೆ ಜನ ನನ್ನ ಬಾಗಿಲಿಗೆ ಬರುತ್ತಿದ್ದರು. ಮೊದಲ ಸಲ ವಡೆ, ಎರಡನೆಯ ಸಲ ಹೋಳಿಗೆ, ಮೇಲೆ ಖೀರು, ಅದರ ಮೇಲೆ ಮತ್ತೆ ತುಪ್ಪ. ಉಣ್ಣುವಾಗ ಮಾತಾಡುವಂತಿಲ್ಲ. ಬೇಡವೆಂದು ಕೈ ಆಡಿಸಿದರೆ ಅದು ಬರೀ ಶಿಷ್ಟಾಚಾರ ಎಂದು ತಿಳಿದು ಇನ್ನೆರಡು ಹಾಕುತ್ತಾರೆ. ನಾನೂ ಉಣ್ಣುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಈ ನಾಲ್ಕು ಊರಲ್ಲಿ ನನ್ನಷ್ಟು ಊಟ ಬಲ್ಲವನು ಇನ್ನೊಬ್ಬನಿರಲಿಲ್ಲ. ರೋಗ ಮಾತ್ರ ಗಾದೆ ಕೇಳಿ ಬರುವುದಿಲ್ಲ.

ಬಾಯಾರಿಕೆ ಬೇಸಿಗೆಯಿಂದಲೇ ಇತ್ತು. ಹಿತ್ತಲಲ್ಲಿ ನಾನು ಮೂತ್ರಕ್ಕೆ ಕೂತ ಜಾಗಕ್ಕೆ ಇರುವೆ ಸಾಲುಗಟ್ಟಿದ್ದನ್ನೂ ನೋಡಿದ್ದೆ. ನೋಡಿ ಸುಮ್ಮನಿದ್ದೆ. ಗಲಗಲಿಯಲ್ಲಿ ಏಳಲಾಗದೆ ಕೂತ ಮೇಲೆ ದವಾಖಾನೆಗೆ ಹೋದೆ.

ಜಮಖಂಡಿಯ ಸರಕಾರಿ ದವಾಖಾನೆಯ ಡಾಕ್ಟರ್ ಸಣ್ಣ ವಯಸ್ಸಿನವರು. ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿದ ಮೇಲೆ ವರ್ಗವಾಗಿ ಬಂದವರು, ಮನೆಯಲ್ಲಿ ಮರಾಠಿ, ಹೊರಗೆ ನಮ್ಮ ಮಾತು. ಯೂರಿನ್ ಹಿಡಿದು ತರಲು ಹೇಳಿದರು. ಗಾಜಿನ ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ನನ್ನದು ನಾಲ್ಕು ಹನಿ, ಕೆಳಗೆ ಸ್ಪಿರಿಟ್ ದೀಪ. ನೋಡುತ್ತಿದ್ದ ಹಾಗೆ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು.

“ಡಯಾಬಿಟೀಸ್.”

ಬಂಡಿಯ ಸದ್ದು, ಕಂಪೌಂಡರನು ಬಾಟ್ಲಿ ತೊಳೆಯುವ ಸದ್ದು, ಎಲ್ಲ ಕೇಳಿಸುತ್ತಿತ್ತು. ಆ ಒಂದು ಶಬ್ದ ಮಾತ್ರ ಒಳಗೆ ಇಳಿಯಲಿಲ್ಲ.

“ಇನ್ಸುಲಿನ್ ಅಂತ ಇಂಜೆಕ್ಷನ್ ಅದ” ಎಂದರು ಡಾಕ್ಟರ್. “ದಿನಾ ಚುಚ್ಚಬೇಕು. ಆದ್ರ ನಿಮಗ ಅದು ಈಗ್ಲೇ ಬ್ಯಾಡ. ನಿಮ್ಮ ಮೈಮ್ಯಾಲೆ ಕೊಬ್ಬು ಭಾಳ ಅದ. ಅದು ಇಳದ್ರ ಸಕ್ರಿನೂ ಇಳದೀತು. ಇಳೀಲಿಲ್ಲಂದ್ರ ಮೊದಲ ಕಾಲು ಹೋಗ್ತದ, ಆಮ್ಯಾಲ ಕಣ್ಣು.”

“ಉಣ್ಣೂದು ನನ್ನ ಕಸಬ್ರಿ.”

“ಹಂಗಾರ ಕಸಬು ಬದಲ ಮಾಡ್ರಿ” ಎಂದು ನಕ್ಕರು. ನಾನು ನಗದ್ದನ್ನು ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ತಿಳಿಸಿ ಹೇಳಿದರು. ಊಟದಲ್ಲಿ ಕಾವು ಇರುತ್ತದೆ, ಅದಕ್ಕೆ ಕ್ಯಾಲರಿ ಎಂದು ಹೆಸರು. ಮೈಗೆ ದಿನಕ್ಕೆ ಎಷ್ಟು ಕಾವು ಬೇಕೋ ಅದಕ್ಕಿಂತ ತುಸು ಕಡಿಮೆ ಹಾಕಬೇಕು. ಕಡಿಮೆ ಬಿದ್ದದ್ದನ್ನು ಮೈ ತನ್ನ ಕೊಬ್ಬಿನಿಂದಲೇ ತೆಗೆದುಕೊಳ್ಳುತ್ತದೆ. “ತುಸು ಕಡಿಮಿ ಅಂದೆ. ನೆನಪಿಡ್ರಿ. ಕೊಬ್ಬು ಇಳೀಬೇಕು, ಕಸುವು ಇಳೀಬಾರದು.”

ಆ ಕೊನೆಯ ಮಾತನ್ನು ನಾನು ಅಂದು ಕೇಳಿಸಿಕೊಳ್ಳಲಿಲ್ಲ.

ದವಾಖಾನೆಯ ತೂಕದ ಯಂತ್ರ ಕೆಟ್ಟಿತ್ತು. ಪೇಟೆಯ ಅರಳೆ ಅಂಗಡಿಗೆ ಹೋಗಿ ತೂಗಿಸಿಕೊಂಡು ಬನ್ನಿ ಎಂದರು. ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ನಾನು ಕೂತೆ, ಇನ್ನೊಂದರಲ್ಲಿ ಕಬ್ಬಿಣದ ತೂಕದ ಕಲ್ಲು ಇಟ್ಟರು. ಇದ್ದ ಕಲ್ಲು ಮುಗಿದವು, ನನ್ನ ಪರಡಿ ನೆಲ ಬಿಡಲಿಲ್ಲ. ಕೊನೆಗೆ ಪಕ್ಕದ ಅಂಗಡಿಯಿಂದ ಒಂದು ಬೆಲ್ಲದ ಪೆಂಟಿ ತಂದು ಆ ಕಡೆ ಇಟ್ಟರು. ಆಗ ನನ್ನ ಪರಡಿ ಮೇಲೆದ್ದಿತು. ಸಕ್ಕರೆ ರೋಗದವನನ್ನು ಬೆಲ್ಲ ಇಟ್ಟು ತೂಗಿದ್ದು ನನಗೊಬ್ಬನಿಗೆ ಗೊತ್ತಿತ್ತು, ಉಳಿದವರಿಗೆ ಬರೀ ಮೋಜು. “ಭಟ್ಟರ, ಬೆಲ್ಲಾನೂ ಉಂಡಬಿಡ್ರಿ, ಅಲ್ಲಿಗೆ ಸಮಾ ಆಗ್ತದ” ಎಂದ ಒಬ್ಬ. ನಾನೂ ಅವರ ಜೊತೆ ನಕ್ಕೆ.

ಮನೆಗೆ ಬಂದು ಕದ ಹಾಕಿಕೊಂಡು ಅತ್ತೆ. ಕಾಲು ಹೋಗುವ ಭಯ ಒಂದು. ಇನ್ನೊಂದನ್ನು ಹೇಳಬೇಕೆಂದರೆ ನನ್ನ ಮನೆಯ ವಿಷಯ ಹೇಳಬೇಕು. ನನಗೆ ಮಕ್ಕಳಿಲ್ಲ. ಹೆಂಡತಿ ಇದ್ದಾಳೆ, ಸೊಲ್ಲಾಪುರದಲ್ಲಿ. ಅವಳ ತಾಯಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ತಮ್ಮನ ಮನೆಗೆ ಹೋದಳು. ತಾಯಿ ತೀರಿದರು. ಅಷ್ಟರಲ್ಲಿ ತಮ್ಮನ ಹೆಂಡತಿಯೂ ಹೋದಳು, ಸಣ್ಣ ಮಕ್ಕಳನ್ನು ಬಿಟ್ಟು. ಹೀಗೆ ಅಲ್ಲಿಯೇ ಉಳಿದಳು. ದೀಪಾವಳಿಗೊಮ್ಮೆ ಬರುತ್ತಾಳೆ. ಊರವರ ಲೆಕ್ಕದಲ್ಲಿ ನಾನು ಗೃಹಸ್ಥ, ಒಲೆಯ ಲೆಕ್ಕದಲ್ಲಿ ವಿಧುರ. ಹಾಗಾಗಿ ಯಾರದೋ ತಿಥಿಗೆ ಮಣೆ ಹಾಕಿ, ಕಾಲು ತೊಳೆದು, “ಬರ್ರಿ, ಕೂಡ್ರಿ” ಎಂದು ಕರೆದು ಬಡಿಸಿದಾಗಲೇ ನನಗೆ ಮನುಷ್ಯರ ನಡುವೆ ಇದ್ದೇನೆ ಅನಿಸುತ್ತಿತ್ತು.

ಮೇಲಾಗಿ ರೋಗಿಷ್ಠ ಬ್ರಾಹ್ಮಣ ಶ್ರಾದ್ಧಕ್ಕೆ ಸಲ್ಲುವುದಿಲ್ಲ. ಅದು ಶಾಸ್ತ್ರ. ಉಂಡರೆ ಕಾಲು ಹೋಗುತ್ತದೆ, ಉಣ್ಣದಿದ್ದರೆ ಮಣೆ ಹೋಗುತ್ತದೆ. ರೋಗದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಊಟ ಕಡಿಮೆ ಮಾಡಬೇಕು ಎಂದರೆ ನಮ್ಮ ಮಂದಿಗೆ ಗೊತ್ತಿರುವ ದಾರಿ ಒಂದೇ. ಉಪವಾಸ. ಏಕಾದಶಿ ಮೊದಲೇ ಇತ್ತು. ಅದಕ್ಕೆ ಸೋಮವಾರ ಸೇರಿಸಿದೆ, ಗುರುವಾರ ಸೇರಿಸಿದೆ, ಮಾರುತಿಗೆಂದು ಶನಿವಾರ ಹಿಡಿದೆ. ಅನ್ನವಿಲ್ಲ, ಜೋಳದ ರೊಟ್ಟಿ ಭಕ್ಕರಿಯಿಲ್ಲ. ಫಳಾರ ಮಾತ್ರ. ತುಪ್ಪದಲ್ಲಿ ಹುರಿದ ಸಾಬುದಾಣಿ ಖಿಚಡಿ, ಅದಕ್ಕೆ ಕೈತುಂಬ ಶೇಂಗಾಪುಡಿ. ಗೆಣಸು. ಬಾಳೆಹಣ್ಣು. ಶೇಂಗಾ ಬೆಲ್ಲದ ಉಂಡೆ. ದೇವರ ಹೆಸರಲ್ಲಿ ಮಾಡುವುದು, ಆದ್ದರಿಂದ ಕೈ ಹಿಡಿದು ಹಾಕಿದರೆ ಪಾಪ ಎಂಬ ಭಾವನೆ ಬೇರೆ. ಇಷ್ಟು ಕಟ್ಟುನಿಟ್ಟಾಗಿ ಇದ್ದೇನಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಶ್ರಾವಣ ಹುಟ್ಟುವ ಹೊತ್ತಿಗೆ ದವಾಖಾನೆಗೆ ಹೋದೆ. ನಳಿಗೆಯಲ್ಲಿ ಮತ್ತೆ ಇಟ್ಟಿಗೆ ಬಣ್ಣ, ಮೊದಲಿಗಿಂತ ಕಪ್ಪು.

“ಏನು ತಿಂತೀರಿ?” ಎಂದರು ಡಾಕ್ಟರ್.

“ವಾರದಾಗ ಮೂರು ಉಪವಾಸ್ರಿ.”

“ಉಪವಾಸದಾಗ ಏನು ತಿಂತೀರಿ?”

ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು. “ಏಕಾದಶಿ, ದುಪ್ಪಟ್ ಖಾಶಿ ಅಂತ ನಮ್ಮ ಮರಾಠ್ಯಾಗ ಗಾದಿ ಅದ. ಹಂಗಾತಲ್ರೀ ಇದು! ಊಟದ ದಿನಕ್ಕಿಂತ ಉಪವಾಸದ ದಿನಾನ ಡಬಲ್ ತಿಂದೀರಿ. ದೇವರು ಮೋಸ ಹೋಗಬಹುದು ಭಟ್ಟರ, ಹೊಟ್ಟಿ ಹೋಗೂದಿಲ್ಲ.”

ನನಗೆ ಸಿಟ್ಟು ಬಂತು. ಒಬ್ಬ ಹುಡುಗು ಡಾಕ್ಟರ್ ನನಗೆ ಉಪವಾಸ ಹೇಳಿಕೊಡುವುದೇ! ಖರೆ ಉಪವಾಸ ಎಂದರೆ ಏನೆಂದು ತೋರಿಸುತ್ತೇನೆ ಎಂದುಕೊಂಡು ಬಂದೆ. ಮರುದಿನದಿಂದ ಬೆಳಿಗ್ಗೆ ಏನಿಲ್ಲ, ಮಧ್ಯಾಹ್ನ ಒಂದು ತಂಬಿಗೆ ನೀರುಮಜ್ಜಿಗೆ, ಅರ್ಧ ಭಕ್ಕರಿ, ಉಪ್ಪಿನಕಾಯಿಯ ರಸ. ಸಂಜೆ ನೀರು. ಶ್ರಾವಣದಲ್ಲಿ ಬಂದ ಒಂದೆರಡು ಕರೆಗಳನ್ನೂ ಹೊಟ್ಟೆ ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಮೈ ಇಳಿಯಿತು. ಏನು ಇಳಿಯಿತು ಎಂತೀರಿ! ಅಂಗಿಯ ಗುಂಡಿ ಸಡಿಲವಾಯಿತು, ಕೊರಳ ಕೆಳಗಿನ ಚರ್ಮ ಜೋತುಬಿತ್ತು. ಅರಳೆ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ಕೂತೆ. ಬೆಲ್ಲದ ಪೆಂಟಿ ಬೇಕಾಗಲಿಲ್ಲ. ಗೆದ್ದೆ ಎಂದುಕೊಂಡೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಸ್ನಾನ ಮಾಡಿ, ಮಡಿಗೆಂದು ಧೋತ್ರ ಒಗೆದು ಹಿಂಡಲು ಹೋದೆ. ಕೈಯಲ್ಲಿ ಹಿಂಡುವ ಶಕ್ತಿಯಿರಲಿಲ್ಲ. ಒಂದು ತುದಿಯನ್ನು ಕಾಲಡಿ ಒತ್ತಿ ಹಿಡಿದು ತಿರುವಿದೆ. ತೋಳು ನಡುಗಿತು, ಬಟ್ಟೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನೀರು ಸುರಿಯುತ್ತಿದ್ದ ಹಾಗೇ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆ ಕಡೆ ನಡೆದೆ.

ಪಕ್ಕದ ಮನೆಯ ನೀಲವ್ವ ಕೊಡ ಹೊತ್ತು ಎದುರಿಗೆ ಬಂದಳು. ಅವಳ ಗಂಡ ಮಗ್ಗದ ಕೆಲಸಕ್ಕೆ ಬನಹಟ್ಟಿಗೆ ಹೋಗುವವನು. “ಭಟ್ಟರ, ಧೋತರ ಹಿಂಡೇ ಇಲ್ಲಲ್ರಿ, ನೀರು ಸೋರಾಕತ್ತೈತಿ. ಮೈಯಾಗ ಆರಾಮ ಇಲ್ಲೇನ್ರಿ? ಕೊಡ್ರಿ ಇಲ್ಲಿ, ಹಿಂಡಿ ಕೊಡ್ತೀನಿ.”

ಕೈ ಚಾಚಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಮುಟ್ಟಿದರೆ ಮಡಿ ಹೋಗುತ್ತಿತ್ತು. ಅವಳಿಗೂ ಅದು ಕೂಡಲೇ ನೆನಪಾಗಿ ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಹೌದಲ್ಲ, ಮರತೆ ನೋಡ್ರಿ” ಎಂದು ಹೋದಳು. ಇಡೀ ಓಣಿಯಲ್ಲಿ ಅಂದು ನನ್ನನ್ನು ವಿಚಾರಿಸಿದವಳು ಅವಳೊಬ್ಬಳೇ. ಅವಳ ಕೈಗೆ ಕೊಡುವಂಥದ್ದು ನನ್ನ ಹತ್ತಿರ ಒಂದೂ ಇರಲಿಲ್ಲ. ಒದ್ದೆ ಬಟ್ಟೆ ಹೆಗಲ ಮೇಲೆ ಅಷ್ಟು ಭಾರವಾದದ್ದು ಅಂದೇ.

ಮನೆಯ ಹೊಸ್ತಿಲು ದಾಟುವಾಗ ಬಿದ್ದೆ.

ನೀಲವ್ವನ ಗಂಡನೇ ಗಾಡಿ ಮಾಡಿ ದವಾಖಾನೆಗೆ ಒಯ್ದನಂತೆ. ಅವನು ಎತ್ತಿದಾಗ ಮಡಿಯ ಮಾತು ಯಾರೂ ಆಡಲಿಲ್ಲವಂತೆ. ಎಚ್ಚರವಾದಾಗ ಡಾಕ್ಟರ್ ತಮ್ಮ ಎರಡು ಬೆರಳು ನನ್ನ ಮುಷ್ಟಿಯಲ್ಲಿ ಇಟ್ಟು, “ಹಿಚುಕ್ರಿ” ಎಂದರು. ಹಿಚುಕಿದೆ. “ಹಿಚುಕ್ರಿ” ಎಂದರು ಮತ್ತೆ. ನಾನು ಹಿಚುಕಿದ್ದು ಅವರಿಗೆ ತಿಳಿದೇ ಇರಲಿಲ್ಲ.

“ಒಲಿಗೆ ಕಟಿಗಿ ಹಾಕ್ರಿ ಅಂದ್ರ ಮನಿ ತೊಲಿ ಕಡದು ಹಾಕೀರಿ” ಎಂದರು. ಈ ಸಲ ನಗಲಿಲ್ಲ. “ಇಷ್ಟು ಜೋರಾಗಿ ಉಪವಾಸ ಬಿದ್ರ ಮೈ ಬರೇ ಕೊಬ್ಬು ಸುಡೂದಿಲ್ಲ, ಮಾಂಸಖಂಡಾನೂ ಸುಡ್ತದ. ತೂಕ ಇಳೀತು ಖರೆ. ಇಳದದ್ದರಾಗ ನಿಮ್ಮ ತೋಳೂ ಹೋತು, ತೊಡಿನೂ ಹೋತು. ನೀವು ಒಬ್ಬರ ಇರೋರು. ನಾಳೆ ನೀರು ಸೇದೋರು ಯಾರು?”

ನನ್ನ ಜೀವನದಲ್ಲಿ ಉಳಿದಿದ್ದ ಲೆಕ್ಕ ಅದೊಂದೇ ಎಂದು ಅಲ್ಲಿ, ಆ ಕಬ್ಬಿಣದ ಮಂಚದ ಮೇಲೆ, ಗೊತ್ತಾಯಿತು. ಉಳಿದ ಆಯುಷ್ಯದಲ್ಲಿ ನನ್ನ ನೀರು ನಾನೇ ಸೇದಿಕೊಳ್ಳಬೇಕು. ಅದಕ್ಕೆ ಕಾಲೂ ಬೇಕು, ತೋಳೂ ಬೇಕು.

ಡಾಕ್ಟರ್ ಹೇಳಿದ್ದು ಹೀಗೆ. ಎರಡು ಹೊತ್ತು ಊಟ, ಹೊತ್ತಿಗೆ ಒಂದು ಜೋಳದ ಭಕ್ಕರಿ. ಬೆಲ್ಲ ಸಕ್ಕರೆ ಬಂದ್. ತುಪ್ಪ ಎಣ್ಣೆ ವಾಸನೆಗೆ ಮಾತ್ರ. ಕಾಳು ಹೆಚ್ಚು. ಮಡಕಿ, ಹೆಸರು, ಕಡಲೆ. ಬೆಣ್ಣೆ ತೆಗೆದ ಮಜ್ಜಿಗೆ, ಮೊಸರು, ಸೊಪ್ಪು. ಕಾಳಿನಲ್ಲಿ ಪ್ರೋಟೀನ್ ಇರುತ್ತದೆ, ಅದು ಮಾಂಸಖಂಡದ ಮೇವು. ಆದರೆ ಮೇವು ಹಾಕಿದರಷ್ಟೇ ಸಾಲದು. “ದುಡೀಲಾರದ ಎತ್ತಿಗೆ ಯಾರು ಮೇವು ಹಾಕ್ತಾರ್ರಿ? ಮೈನೂ ಹಂಗ. ತೋಳಿಗೆ ಕೆಲಸ ಕೊಟ್ರ ಅದನ್ನ ಇಟ್ಕೋತದ, ಇಲ್ಲಂದ್ರ ಸುಟ್ಟ ಹಾಕ್ತದ.” ಬಾವಿಯ ನೀರು ನಾನೇ ಸೇದಬೇಕು. ಬೆಳಿಗ್ಗೆ ಸೂರ್ಯನಮಸ್ಕಾರ, ಸಂಜೆ ಗುಡ್ಡದ ತನಕ ನಡಿಗೆ.

ಮೊದಲ ದಿನ ಅರ್ಧ ಕೊಡ ಮೇಲೆ ಬಂತು. ಒಂದು ನಮಸ್ಕಾರಕ್ಕೆ ನೆಲ ಮುಟ್ಟಿದವನು ಅಲ್ಲೇ ಬಹಳ ಹೊತ್ತು ಬಿದ್ದುಕೊಂಡಿದ್ದೆ. ಸೂರ್ಯ ಏನು ತಿಳಿದುಕೊಂಡನೋ. ಮಡಕಿಕಾಳನ್ನು ನೆನೆಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳೆಗೆ ತೂಗುಹಾಕುತ್ತಿದ್ದೆ. ಮಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಗಂಟು ಬಿಚ್ಚಿ ಮೊಳಕೆ ಬಂದಿದೆಯೋ ಎಂದು ನೋಡುವುದು. ನನ್ನ ದಿನದ ದೊಡ್ಡ ಸಂಗತಿ ಅದಾಯಿತು. ಬಂದಿದ್ದರೆ, “ಬಂದ್ರೇನು? ಬರ್ರಿ, ಬರ್ರಿ” ಎನ್ನುತ್ತಿದ್ದೆ. ಮನೆಯಲ್ಲಿ ಮಾತಾಡಲು ಅವೇ ಇದ್ದದ್ದು. ಆಮೇಲೆ ಅವನ್ನೇ ಬೇಯಿಸಿ, ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದೆ. ಭಕ್ಕರಿ ಬೇಗ ಮುಗಿಯುತ್ತದೆ ಎಂದು ಸಣ್ಣ ಚೂರು ಮುರಿದು ನಿಧಾನವಾಗಿ ಅಗಿಯುವುದನ್ನು ಕಲಿತೆ. ಮೂವತ್ತು ವರ್ಷ ಉಂಡವನಿಗೆ ಜೋಳಕ್ಕೆ ಸಿಹಿ ಇದೆ ಎಂದು ಆಗ ತಿಳಿಯಿತು.

ಹಸಿವೆಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ನನಗೆ ಅನಿಸಿದ್ದು ಇಷ್ಟು. ಹೊಟ್ಟೆ ಅರ್ಧ ಖಾಲಿ ಇದ್ದಾಗ ಮನೆ ಪೂರಾ ಖಾಲಿ ಕಾಣುತ್ತದೆ.

ಭಾದ್ರಪದ ಹಿಡಿದ ಹೊಸದರಲ್ಲಿ ಮುಧೋಳದ ವಕೀಲರೊಬ್ಬರ ಮನೆಯಿಂದ ಕರೆ ಬಂತು. ಹೋದೆ. ವಡೆ ಒಂದು ತೆಗೆದುಕೊಂಡು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಹೋಳಿಗೆ ತಂದರು, ಕೈ ತೆಗೆಯಲಿಲ್ಲ. ಖೀರು ತಂದರು, ತೆಗೆಯಲಿಲ್ಲ. ಮೊದಲು ಶಿಷ್ಟಾಚಾರ ಎಂದುಕೊಂಡರು. ಆಮೇಲೆ ಮನೆಯಲ್ಲಿ ಪಿಸುಮಾತು ಎದ್ದಿತು. ನಾನು ಕೈ ತೊಳೆದು ಬಂದಾಗ ವಕೀಲರು ಅಂಗಳದಲ್ಲಿ ಕಾದಿದ್ದರು.

“ಏನ್ರಿ ಭಟ್ಟರ, ನಮ್ಮ ತಂದಿ ಅರ್ಧ ಹೊಟ್ಟೀಲೆ ಹೋಗಬೇಕೇನ್ರಿ? ಆಗೂದಿಲ್ಲಂದ್ರ ಮೊದಲ ಹೇಳಬೇಕಿತ್ತು.”

ಉಂಡ ಮನೆಯ ಜಂತಿ ಎಣಿಸುವವನು ನಾನಲ್ಲ. ಅವರದೂ ತಪ್ಪಲ್ಲ. ವರ್ಷಕ್ಕೊಮ್ಮೆ ತಂದೆಗೆ ಊಟ, ಅದೂ ನನ್ನ ಹೊಟ್ಟೆಯ ಮೂಲಕವೇ ಆಗಬೇಕು. ನಾನು ಬಾಗಿಲು ಅರ್ಧ ಮುಚ್ಚಿದರೆ ಅವರು ತಾನೇ ಏನು ಮಾಡಿಯಾರು?

ಪಕ್ಷಮಾಸ ಬಂತು. ಎಲ್ಲರ ಪಿತೃಗಳೂ ಭೂಮಿಗಿಳಿಯುವ ಆ ಹದಿನೈದು ದಿನ ನಮ್ಮಂಥವರಿಗೆ ಸುಗ್ಗಿ. ಯಾವ ಮನೆಗೆ ಹೋಗುವುದು, ಯಾವುದನ್ನು ಬಿಡುವುದು ಎಂದು ಹಿಂದಿನ ವರ್ಷದವರೆಗೂ ತಲೆ ಕೆಡಿಸಿಕೊಂಡಿದ್ದೆ.

ಈ ವರ್ಷ ಒಬ್ಬರೂ ಕರೆಯಲಿಲ್ಲ.

ಬೆಳಿಗ್ಗೆ ಮಡಿಯುಟ್ಟು ಬಾಗಿಲು ತೆರೆದಿಟ್ಟು ಕೂಡುತ್ತಿದ್ದೆ. ಹೊತ್ತೇರುತ್ತಿತ್ತು. ಓಣಿಯ ತುದಿಯಿಂದ ವಡೆ ಕರಿಯುವ ವಾಸನೆ ಬರುತ್ತಿತ್ತು, ಮಾಳಿಗೆಗಳ ಮೇಲೆ ಕಾಗೆಗಳು ಸೇರುತ್ತಿದ್ದವು. ಅವುಗಳಿಗೂ ಕರೆ ಇತ್ತು. ಮಧ್ಯಾಹ್ನ ದಾಟಿದ ಮೇಲೆ ಎದ್ದು ಕಾಳು ಬೇಯಿಸುತ್ತಿದ್ದೆ. ಒಂದು ದಿನ ಭೀಮಭಟ್ಟ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಬಂದು ಕಟ್ಟೆಯ ಮೇಲೆ ಕೂತ. ಗಲಗಲಿಯ ಮನೆಗೂ ಈ ಸಲ ತಾನೇ ಹೋಗಿದ್ದೆನೆಂದು ಹೇಳಿದ. “ಮಂದಿ ನಿನ್ನ ಕೇಳ್ತಾರೋ ನಾಣಾ. ಏನು ಹೇಳಲಿ? ಏನಾಗೇದ ನಿನಗ?” ಎಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ನಾನೇ ಕಾಳು ಬೆಂದಿದೆಯೋ ನೋಡುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಆ ದಿನಗಳಲ್ಲಿ ಒಂದು ವಿಚಾರ ನನ್ನನ್ನು ಬಿಡದೆ ಕಾಡಿತು. ಇಷ್ಟು ವರ್ಷ ಇಷ್ಟು ಮನೆಗಳಲ್ಲಿ ನನ್ನ ಕಾಲು ತೊಳೆದರು, ಗಂಧ ಹಚ್ಚಿದರು, ಕಣ್ಣೀರು ಹಾಕಿ ಬಡಿಸಿದರು. ಅದರಲ್ಲಿ ನನಗೆಂದು ಬಡಿಸಿದ ತುತ್ತು ಯಾವುದು? ಒಂದೂ ಇರಲಿಲ್ಲ. ಅವರು ಬಡಿಸಿದ್ದು ತಮ್ಮ ಅಪ್ಪನಿಗೆ, ಅಜ್ಜನಿಗೆ. ನಾನು ನಡುವಿನ ಪಾತ್ರೆ. ನನಗೆ ಮಗನಿಲ್ಲ, ನಾಳೆ ನಾನು ಹೋದ ಮೇಲೆ ನನ್ನ ಹೆಸರಿನಲ್ಲಿ ಎಲೆ ಬೀಳುವುದಿಲ್ಲ. ಸತ್ತ ಮೇಲಂತೂ ಯಾರೂ ಬಡಿಸುವವರಿಲ್ಲ ಎಂದು ಗೊತ್ತಿತ್ತು. ಬದುಕಿದ್ದಾಗಲೂ ಯಾರೂ ಬಡಿಸಿರಲಿಲ್ಲ ಎಂದು ಗೊತ್ತಾದದ್ದು ಈ ರೋಗದಿಂದ. ದೀಪಾವಳಿ ಹತ್ತಿರ ಬಂದಾಗ ಸೊಲ್ಲಾಪುರದಿಂದ ಕಾರ್ಡು ಬಂತು. ಸಣ್ಣ ಹುಡುಗನಿಗೆ ಗೊಬ್ಬರ, ಎಂದರೆ ದಡಾರ, ಎದ್ದಿದೆ, ಬರಲಾಗುವುದಿಲ್ಲ ಎಂದು ಹೆಂಡತಿ ಬರೆಸಿದ್ದಳು. ಅವಳಿಗೆ ನನ್ನ ರೋಗದ ಸುದ್ದಿಯೇ ಗೊತ್ತಿರಲಿಲ್ಲ. ಉತ್ತರದಲ್ಲಿ ಅದನ್ನು ಬರೆಯಬೇಕೆಂದು ಕೂತವನು ಎಲ್ಲ ಕ್ಷೇಮ ಎಂದು ಬರೆದೆ.

ಆದರೆ ಮೈ ತನ್ನ ಕೆಲಸ ಮಾಡುತ್ತಿತ್ತು. ಕಾರ್ತೀಕದ ಒಂದು ಬೆಳಿಗ್ಗೆ ಧೋತ್ರ ಹಿಂಡಿದೆ. ಹಿಂಡಿ ಕೊಡವಿದೆ. ಒಂದು ಹನಿ ಬೀಳಲಿಲ್ಲ. ಮತ್ತೆ ನೀರಲ್ಲಿ ಅದ್ದಿ ಇನ್ನೊಮ್ಮೆ ಹಿಂಡಿದೆ, ಖುಷಿಗೆ. ಯಾರಿಗೆ ಹೇಳುವುದೆಂದು ಸುತ್ತ ನೋಡಿದೆ. ನೀಲವ್ವ ಪಾತ್ರೆ ತಿಕ್ಕುತ್ತಿದ್ದಳು. “ನೀಲವ್ವಾ, ಇಲ್ಲಿ ನೋಡು” ಎಂದು ಧೋತ್ರ ಎತ್ತಿ ಹಿಡಿದೆ. ಅವಳು ನೋಡಿ, “ಛಲೋ ಆತ ಬಿಡ್ರಿ ಭಟ್ಟರ. ನನ್ನ ಗಂಡಗೂ ಹಿಂಡೂದು ಕಲಸ್ರಿ” ಎಂದಳು. ಇಬ್ಬರೂ ನಕ್ಕೆವು. ಅದೇ ವಾರ ದವಾಖಾನೆಯ ನಳಿಗೆಯಲ್ಲಿ ಬಣ್ಣ ಹಸಿರಿಗೇ ನಿಂತಿತು. ಮುಂದೆ ಹೋಗಲಿಲ್ಲ. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿ, ಬೆರಳು ಕೊಟ್ಟು ಹಿಚುಕಲು ಹೇಳಿದರು. “ಬಿಡ್ರಿ, ಬಿಡ್ರಿ!” ಎಂದು ಅವರೇ ಕೈ ಎಳೆದುಕೊಂಡರು. ರೋಗ ಹೋಗಿಲ್ಲ, ಹೋಗುವುದೂ ಇಲ್ಲ, ಹದ್ದುಬಸ್ತಿನಲ್ಲಿದೆ ಎಂದರು. ಅಷ್ಟು ಸಾಕಿತ್ತು.

ಆಮೇಲೆ ಒಂದು ಮಧ್ಯಾಹ್ನ ಗಲಗಲಿಯ ರಾಮರಾಯ ಬಂದ. ಜಮಖಂಡಿಯ ಕಚೇರಿಯಲ್ಲಿ ಏನೋ ಕೆಲಸವಿತ್ತಂತೆ. ಒಳಗೆ ಬಾರದೆ ಬಾಗಿಲಲ್ಲೇ ನಿಂತು, “ಅವ್ವ ಹೇಳಿ ಕಳಿಸ್ಯಾಳ್ರಿ. ಬುಧವಾರ ಊಟಕ್ಕ ಬರಬೇಕಂತ” ಎಂದ.

“ಯಾರ ತಿಥಿರೀ?”

“ತಿಥಿ ಯಾರದೂ ಇಲ್ರಿ. ಸುಮ್ಮ ಊಟಕ್ಕ.”

ನನಗೆ ಅರ್ಥವಾಗಲಿಲ್ಲ. “ಬ್ರಾಹ್ಮಣರು ಎಷ್ಟು ಮಂದಿ?” ಎಂದು ಕೇಳಿದೆ.

“ನೀವೊಬ್ಬರ” ಎಂದು ಅವನು ಮುಖ ಕೆಳಗೆ ಹಾಕಿದ. “ನಿಮಗ ಸಕ್ರಿ ಜಡ್ಡು ಅದ ಅಂತ ದವಾಖಾನಿ ಕಂಪೌಂಡರ ಹೇಳಿದ್ದನಂತ. ಪಕ್ಷದಾಗ ಭೀಮಭಟ್ಟರು ನಮಗ ಹೇಳಿದ್ರು. ಅವತ್ತಿಂದ ಅವ್ವ ಒಂದ ಸವನೆ ಹಚ್ಚ್ಯಾಳ, ಕರಕೊಂಡ ಬಾ ಅಂತ.”

ಎಂದರೆ ಎಲ್ಲರಿಗೂ ಗೊತ್ತಿತ್ತು. ಏನಾಗೇದ ನಿನಗ ಎಂದು ಕೇಳಿದ ಭೀಮಭಟ್ಟನೂ ತಿಳಿದೇ ಕೇಳಿದ್ದ. ಮುಚ್ಚಿಟ್ಟಿದ್ದೇನೆ ಎಂದು ಇಷ್ಟು ದಿನ ತಿಳಿದಿದ್ದವನು ನಾನೊಬ್ಬನೇ.

ಬುಧವಾರ ಮೋಟಾರು ಹಿಡಿದು ಹೋದೆ. ಪಡಸಾಲೆಯಲ್ಲಿ ಎಳ್ಳಿಲ್ಲ, ದರ್ಭೆಯಿಲ್ಲ, ಪಕ್ಕದಲ್ಲಿ ಇನ್ನೊಂದು ಮಣೆಯಿಲ್ಲ. ಎಲೆಯ ಬದಲು ಹಿತ್ತಾಳೆಯ ತಾಟು. ಯಮುನಾಬಾಯಿ ತಾವೇ ಬಗ್ಗಿ ಬಡಿಸಿದರು. ತೆಳ್ಳಗೆ ಬಡಿದ ಒಂದು ಜೋಳದ ಭಕ್ಕರಿ, ಮೊಳಕೆ ಮಡಕಿಯ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಒಂದು ಬಟ್ಟಲು ಮಜ್ಜಿಗೆ. ಬಡಿಸಿ ಒಳಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೂತರು. ಉಣ್ಣುವಾಗ ಮಾತಾಡಬಾರದೆಂದು ನಾನು ರೂಢಿಯಂತೆ ಸುಮ್ಮನಿದ್ದೆ. ಅವರೇ ಮಾತಾಡಿದರು.

“ನಮ್ಮನಿಯವರಿಗೂ ಇದ ಜಡ್ಡು ಇತ್ರಿ. ಕಡೀಕ ಕಾಲು ಕೊಳತು ಹೋದ್ರು. ನಾನು ಭಾಳ ಕಟ್ಟುನಿಟ್ಟು. ಹಿಂಗ, ಇದ ಅಡಗಿ ಮಾಡಿ ಹಾಕ್ತಿದ್ನಿ. ‘ಒಂದ ಒಂದು ಹೋಳಿಗಿ ಕೊಡಬೇ’ ಅಂತ ಸಣ್ಣ ಹುಡುಗರಗತೆ ಕೇಳ್ತಿದ್ರು. ಕೊಡಲಿಲ್ಲ. ಅವರು ಹೋದ ಮ್ಯಾಲ ನನಗ ಅದ ಹತ್ತಿಬಿಡ್ತು. ಇನ್ನ ಅವರಿಗೆ ಸಕ್ರಿ ಏನು ಮಾಡ್ತದ ಅಂತ ವರ್ಷಾ ವರ್ಷಾ ನಿಮ್ಮ ಎಲಿಗೆ ಸುರದೆ. ಉಣ್ಣೋರು ಜೀವಂತ ಅದಾರ ಅನ್ನೂದು ನನಗ ಹೊಳೀಲೇ ಇಲ್ರಿ ಭಟ್ಟರ.”

ತುತ್ತು ಕೈಯಲ್ಲೇ ಉಳಿಯಿತು.

“ನನಗೂ ಹೊಳದಿರಲಿಲ್ರಿ” ಎಂದೆ.

ಅವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. ಈ ಸಲ ಆ ನೋಟ ನನ್ನ ಮೇಲೆಯೇ ನಿಂತಿತು. ಭಕ್ಕರಿಯ ಬುಟ್ಟಿಗೆ ಕೈ ಹಾಕಿ, “ಇನ್ನ ಅರ್ಧ ಭಕ್ಕರಿ ಹಾಕ್ಲೇನ್ರಿ?” ಎಂದರು.

“ಸಾಕ್ರಿ.”

“ಆತು” ಎಂದು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದರು.

ಕೈ ತೊಳೆದು, ಮುಂದಿನ ಬುಧವಾರವೂ ಬರುತ್ತೇನೆಂದು ಒಪ್ಪಿಕೊಂಡು, ಮೋಟಾರು ನಿಲ್ಲುವ ಜಾಗದ ಕಡೆ ಹೊರಟೆ. ಎಡಕ್ಕೆ ಕೃಷ್ಣೆ ಸದ್ದಿಲ್ಲದೆ ಹರಿಯುತ್ತಿತ್ತು. ಹೊಟ್ಟೆಯಲ್ಲಿ ಸ್ವಲ್ಪ ಹಸಿವೆ ಉಳಿದಿತ್ತು. ಅದು ಯಾರ ತಂದೆಯ ಹಸಿವೆಯೂ ಅಲ್ಲ, ನನ್ನದೇ.